ಪ್ರೀತಿಯಿಂದ ಆಳುವುದು

ಆಳುವವನು ಪ್ರಜೆಗಳನ್ನು ನಿಜಕ್ಕೂ ಪ್ರೀತಿಸಿದರೆ ಆ ಆಳ್ವಿಕೆ ನ್ಯಾಯವಾಗುತ್ತದೆಯೇ? ಅವರ ಭಾಷೆ ಕಲಿತು, ಅವರ ಪುರಾಣಗಳನ್ನು ಬರೆದಿಟ್ಟುಕೊಂಡು, ಅವರ ಕುಲದವನೇ ಅನ್ನಿಸಿಕೊಂಡರೆ? ವಸಾಹತುಶಾಹಿಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಕ್ರೂರಿಗಳ ಉದಾಹರಣೆ ಕೊಡುತ್ತೇವೆ. ಕ್ರೂರಿಯ ವಿಷಯದಲ್ಲಿ ತೀರ್ಪು ಸುಲಭ. ಒಳ್ಳೆಯ ಅಧಿಕಾರಿಯ ಮುಂದೆ ನಮ್ಮ ವಾದ ತಡವರಿಸುತ್ತದೆ. ಹಾಗಾಗಿ ಒಳ್ಳೆಯವನನ್ನೇ ತೆಗೆದುಕೊಂಡು ಯೋಚಿಸೋಣ.

ಪೆಸಿಫಿಕ್ ಸಾಗರದ ನಡುವೆ, ಸಮಭಾಜಕ ವೃತ್ತದ ಆಚೀಚೆ, ಗಿಲ್ಬರ್ಟ್ ದ್ವೀಪಗಳಿವೆ. ಇಂದಿನ ಕಿರಿಬಾಸ್ ದೇಶದ ಮುಖ್ಯ ಭಾಗ ಅದು. 1892ರಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದು ಬಂದು ಇವನ್ನು ಬ್ರಿಟನ್ನಿನ ರಕ್ಷಣೆಗೆ ಸೇರಿಸಿತು. 1916ರಲ್ಲಿ ಪಕ್ಕದ ಎಲಿಸ್ ದ್ವೀಪಗಳ ಜೊತೆ ಇವು ಪೂರ್ಣ ವಸಾಹತುವಾದವು. 1914ರಲ್ಲಿ ಇಲ್ಲಿಗೆ ಆರ್ಥರ್ ಗ್ರಿಂಬಲ್ ಎಂಬ ತರುಣ ಅಧಿಕಾರಿ ಬಂದ. ಹಿರಿಯರ ಬಳಿ ಕೂತು ಅವರ ವಂಶಾವಳಿ, ಮಂತ್ರ, ಸಮುದ್ರಯಾನದ ವಿದ್ಯೆಗಳನ್ನು ಕೇಳಿ ದಾಖಲಿಸಿದ. 1926ರಿಂದ 1933ರವರೆಗೆ ಆತ ಇಡೀ ವಸಾಹತಿನ ರೆಸಿಡೆಂಟ್ ಕಮಿಷನರ್. 1952ರಲ್ಲಿ ಆತ ಪ್ರಕಟಿಸಿದ ನೆನಪಿನ ಪುಸ್ತಕವನ್ನು ಇಂಗ್ಲೆಂಡಿನ ಓದುಗರು ಬಹಳ ಮೆಚ್ಚಿದರು. ಆ ಪ್ರೀತಿ ನಟನೆಯಾಗಿರಲಿಲ್ಲ ಎಂದೇ ನಾನು ನಂಬುತ್ತೇನೆ.

ದ್ವೀಪದವರಿಗೆ ತಮ್ಮದೇ ಆಡಳಿತ ಮೊದಲೇ ಇತ್ತು. ಮನೆಯಾಬಾ ಎಂಬ ದೊಡ್ಡ ಹುಲ್ಲುಮಾಡಿನ ಸಭಾಮಂದಿರದಲ್ಲಿ ಪ್ರತಿ ಕುಲಕ್ಕೂ ಕೂರುವ ಜಾಗ ತಲೆತಲಾಂತರದಿಂದ ಗೊತ್ತಾಗಿತ್ತು. ಜಗಳ, ಮೀನಿನ ಹಂಚಿಕೆ, ಮದುವೆ, ಗಡಿ ತಕರಾರು ಎಲ್ಲವೂ ಅಲ್ಲೇ ಹಿರಿಯರ ಮಾತಿನಲ್ಲಿ ಇತ್ಯರ್ಥವಾಗುತ್ತಿದ್ದವು. ಹೊಸ ಸರ್ಕಾರ ಬಂದು ಚದುರಿದ್ದ ಮನೆಗಳನ್ನು ಕೀಳಿಸಿ ರಸ್ತೆಯ ಅಂಚಿಗೆ ಸಾಲಾಗಿ ಕಟ್ಟಿಸಿತು. 1930ರಲ್ಲಿ ಗ್ರಿಂಬಲ್ ಸುವ್ಯವಸ್ಥೆ ಮತ್ತು ಶುಚಿತ್ವದ ಹೆಸರಿನಲ್ಲಿ ಹೊರಡಿಸಿದ ನಿಯಮಾವಳಿ ಮನೆಯ ಅಂಗಳಕ್ಕೆ ಬಂತು, ಕುಣಿತಕ್ಕೆ ಬಂತು, ರಾತ್ರಿ ಹೊರಗೆ ತಿರುಗಾಡುವುದಕ್ಕೂ ಬಂತು.

ದ್ವೀಪ ಚಿಕ್ಕದು ಎಂಬ ಸಂಗತಿ ಇಲ್ಲಿ ಮುಖ್ಯ. ದೊಡ್ಡ ದೇಶದಲ್ಲಿ ಸರ್ಕಾರದ ಆಜ್ಞೆ ರಾಜಧಾನಿಯಿಂದ ಹಳ್ಳಿಗೆ ಬರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಆ ಅರ್ಧದಲ್ಲೇ ಜನ ಉಸಿರಾಡುತ್ತಾರೆ. ಕೆಲವೇ ನೂರು ಮೀಟರ್ ಅಗಲದ ಹವಳದ ದಿಬ್ಬದ ಮೇಲೆ ಆಜ್ಞೆಗೆ ಕಾಣದ ಮೂಲೆಯೇ ಇಲ್ಲ. ಅಧಿಕಾರಿಗೆ ಎಲ್ಲರೂ ಗೊತ್ತು. ಆತ ಕೆಟ್ಟವನಾದರೂ ಒಳ್ಳೆಯವನಾದರೂ ಆತನ ಕಣ್ಣಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಒಳ್ಳೆಯವನಾದರೆ ಇನ್ನೂ ಕಷ್ಟ, ಏಕೆಂದರೆ ಆತನಿಗೆ ಜನರ ಪ್ರತಿಯೊಂದು ಅಭ್ಯಾಸದ ಬಗ್ಗೆಯೂ ಕಾಳಜಿ.

ಇದಕ್ಕೆ ಎದುರಾಗಿ ಹೇಳಬೇಕಾದ್ದೂ ಇದೆ. ಬ್ರಿಟಿಷರು ಬಂದಾಗ ದ್ವೀಪಗಳಲ್ಲಿ ಅಂತರ್ಯುದ್ಧಗಳು ನಡೆಯುತ್ತಿದ್ದವು. ಅವರು ಅವನ್ನು ನಿಲ್ಲಿಸಿದರು, ಆಸ್ಪತ್ರೆ ತೆರೆದರು. ಜಮೀನು ಹೊರಗಿನವರ ಪಾಲಾಗದಂತೆ ತಡೆದರು. ಈ ಕೊನೆಯದು ದೊಡ್ಡ ಉಪಕಾರ. ಹವಾಯಿಯಲ್ಲಿ ಮೂಲ ನಿವಾಸಿಗಳ ನೆಲ ಎಲ್ಲಿಗೆ ಹೋಯಿತೆಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಆದರೆ ಕಾಯುವವನು ತಾನೇ ಆ ನೆಲವನ್ನು ಬಯಸಿದ ದಿನ ಏನಾಗುತ್ತದೆ? ಅದಕ್ಕೆ ಇದೇ ವಸಾಹತಿಗೆ ಸೇರಿದ್ದ ಬನಾಬಾ ಎಂಬ ದ್ವೀಪ ಉತ್ತರ ಕೊಟ್ಟಿತು.

ಬನಾಬಾ ಸುಮಾರು 6 ಚದರ ಕಿಲೋಮೀಟರಿನ ನೆಲ. ಹೊಳೆಯಿಲ್ಲ, ಕೆರೆಯಿಲ್ಲ; ಮಳೆ ಕೈಕೊಟ್ಟರೆ ಬರ. ನೀರು ಸಿಗುತ್ತಿದ್ದುದು ನೆಲದಡಿಯ ಗುಹೆಗಳಲ್ಲಿ. ಅವುಗಳೊಳಗೆ ಹೆಂಗಸರಿಗೆ ಮಾತ್ರ ಪ್ರವೇಶ. ಕತ್ತಲ ಇಕ್ಕಟ್ಟಿನಲ್ಲಿ ತೆವಳಿಕೊಂಡು ಹೋಗಿ, ಬಂಡೆಯ ಕುಳಿಯಲ್ಲಿ ನಿಂತ ನೀರನ್ನು ತೆಂಗಿನ ಚಿಪ್ಪಿಗೆ ತುಂಬಿ ತರುತ್ತಿದ್ದರು. ಯಾವ ಗುಹೆ ಯಾರದು, ಯಾರು ಎಷ್ಟು ತೆಗೆಯಬೇಕು ಎಂಬುದಕ್ಕೆ ಕಟ್ಟುಪಾಡಿತ್ತು. ಬರವನ್ನು ದಾಟಿ ಬದುಕುವ ವಿದ್ಯೆ ಅದು.

ಈ ನೆಲದ ಮೇಲಿದ್ದುದು ಫಾಸ್ಫೇಟ್. 1900ರ ಮೇ 3ರಂದು ಆಲ್ಬರ್ಟ್ ಎಲಿಸ್ ಎಂಬಾತ ಕಂಪನಿಯೊಂದರ ಪರವಾಗಿ ದ್ವೀಪದ ಕೆಲವರಿಂದ ಸಹಿ ಹಾಕಿಸಿಕೊಂಡ: 999 ವರ್ಷ ಅಗೆಯುವ ಹಕ್ಕು, ವರ್ಷಕ್ಕೆ 50 ಪೌಂಡ್. ಸಹಿ ಮಾಡಿದವರಲ್ಲಿ ಒಬ್ಬನನ್ನು ರಾಜನೆಂದು ಬರೆದರು. ಬನಾಬಾಕ್ಕೆ ರಾಜನೇ ಇರಲಿಲ್ಲ. ಮರುವರ್ಷ ದ್ವೀಪ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿತು, 1908ರಲ್ಲಿ ವಸಾಹತಿನ ಆಡಳಿತ ಕೇಂದ್ರವೇ ಅಲ್ಲಿಗೆ ಬಂತು. ಫಾಸ್ಫೇಟಿನ ಆದಾಯ ಆಡಳಿತದ ಖರ್ಚಿಗೆ ಹೋಗುತ್ತಿತ್ತು. ಮೈನರ್ ಮಗುವಿನ ಆಸ್ತಿಯ ಹುಟ್ಟುವಳಿಯಲ್ಲಿ ಗಾರ್ಡಿಯನ್ ಸಂಸಾರ ನಡೆಸುವಂಥ ಪರಿಸ್ಥಿತಿ.

1928ರಲ್ಲಿ ಗಣಿಗೆ ಇನ್ನಷ್ಟು ಜಮೀನು ಬೇಕಾಯಿತು. ಜನ ಒಲ್ಲೆವೆಂದರು. ಆಗ ಗ್ರಿಂಬಲ್ ಬುವಾಕೊನಿಕಾಯ್ ಹಳ್ಳಿಯವರಿಗೆ ಅವರದೇ ಭಾಷೆಯಲ್ಲಿ ಪತ್ರ ಬರೆದ. ಸಹಿ ಮಾಡುವುದು ಬದುಕಿನ ದಾರಿ, ಮಾಡದಿರುವುದು ಸಾವಿನ ದಾರಿ; ಒಪ್ಪದಿದ್ದರೆ ಜಮೀನಂತೂ ಹೋಗುತ್ತದೆ, ಹಳ್ಳಿಯೂ ಉಳಿಯದಿರಬಹುದು ಎಂಬುದು ಅದರ ತಿರುಳು. ಜನ ಮಣಿಯಲಿಲ್ಲ. ಕೊನೆಗೆ ಜಮೀನನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡರು.

ಅನೇಕರು ಈ ಪತ್ರವನ್ನು ಒಳ್ಳೆಯ ಮನುಷ್ಯನ ಒಂದು ದುರ್ಬಲ ಗಳಿಗೆ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಇವರ ಹಿತ ಇವರಿಗಿಂತ ನನಗೆ ಚೆನ್ನಾಗಿ ಗೊತ್ತು ಎಂದು ನಂಬಿದವನಿಗೆ ಅವರ 'ಇಲ್ಲ' ಎಂಬುದು ಅಭಿಪ್ರಾಯವಾಗಿ ಕೇಳಿಸುವುದೇ ಇಲ್ಲ, ಹಟವಾಗಿ ಕೇಳಿಸುತ್ತದೆ. ಹಟಕ್ಕೆ ಮದ್ದು ಗದರಿಕೆ. ಅವರ ಭಾಷೆ ಬಲ್ಲವನಾದ್ದರಿಂದ ಆತನ ಗದರಿಕೆಗೆ ಮೊನೆಯೂ ಹೆಚ್ಚು. ಆಳುವವನಿಗೆ ಎಷ್ಟು ತಿಳಿದಿದೆ, ಎಷ್ಟು ಮಮತೆಯಿದೆ ಎಂಬುದರಿಂದ ಆಳ್ವಿಕೆಯನ್ನು ಅಳೆಯಲಾಗದು. ಆತನಿಗೆ 'ಇಲ್ಲ' ಎಂದು ಹೇಳಿ ಜನ ಗೆಲ್ಲಬಲ್ಲರೇ ಎಂಬುದೊಂದೇ ಅಳತೆ.

ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಬನಾಬಾ ಹಿಡಿದು ಜನರನ್ನು ಬೇರೆ ದ್ವೀಪಗಳಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಉಳಿದವರನ್ನು ಊರಿಗೆ ಕರೆದೊಯ್ಯದೆ 1945ರ ಡಿಸೆಂಬರಿನಲ್ಲಿ ಫಿಜಿಯ ರಾಂಬಿ ದ್ವೀಪದಲ್ಲಿ ಇಳಿಸಿದರು. ಆ ದ್ವೀಪವನ್ನು ಕೊಂಡದ್ದು ಬನಾಬರದೇ ಫಾಸ್ಫೇಟ್ ಹಣದಲ್ಲಿ. ಅತ್ತ ಗಣಿಗಾರಿಕೆ 1979ರವರೆಗೂ ನಡೆಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಗೊಬ್ಬರ ಹೋಯಿತು, ಬನಾಬಾದಲ್ಲಿ ಸುಣ್ಣಕಲ್ಲಿನ ಚೂಪು ಕಂಬಗಳು ಉಳಿದವು.

ಬನಾಬರು ಲಂಡನ್ನಿನಲ್ಲಿ ದಾವೆ ಹೂಡಿದರು. ನ್ಯಾಯಮೂರ್ತಿ ಮೆಗರಿ ದ್ವೀಪಗಳಿಗೇ ಹೋಗಿ ನೋಡಿ ಬಂದರು. ಗ್ರಿಂಬಲ್‌ನ ಪತ್ರವೂ ವಿಚಾರಣೆಯಲ್ಲಿ ಹೊರಬಂತು. 1976ರ ತೀರ್ಪು ಹೇಳಿದ್ದಿಷ್ಟು: ಬ್ರಿಟಿಷ್ ಸರ್ಕಾರಕ್ಕೆ ಈ ಜನರ ಬಗ್ಗೆ ಇದ್ದ ಹೊಣೆ ಆಡಳಿತದ ಹೊಣೆ, ನ್ಯಾಯಾಲಯ ಅದನ್ನು ಜಾರಿ ಮಾಡಲಾಗದು. ಕಾಪಾಡುತ್ತೇವೆಂಬ ಮಾತು ಕೊಟ್ಟವನನ್ನು ಕೇಳುವವರೇ ಇಲ್ಲ ಎಂದಾಯಿತು. ಮುಂದೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರಗಳು ಮೂರೂ ಸೇರಿ ದಯೆಯ ಮೇರೆಗೆಂದು 1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟವು.

ದಯೆಯ ಹೆಸರಿನಲ್ಲಿ ಕೊಟ್ಟದ್ದು ಸಾಲ ತೀರಿಸಿದಂತಲ್ಲ. ಬನಾಬರ ನೆಲದ ಬಾಕಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರಗಳ ಮೇಲೆ ಇಂದಿಗೂ ಇದೆ.