ಸೀಸದ ತುಂಡು

ನನ್ನ ಸೋದರಮಾವ ಬೆಳಿಗ್ಗೆ ಶಾಂಕರಭಾಷ್ಯದ ಪಾಠಕ್ಕೂ ಮಧ್ಯಾಹ್ನ ಬೆಂಗಳೂರಿನ ರೇಸ್‌ಕೋರ್ಸಿಗೂ ಒಂದೇ ಕೈಚೀಲ ಹಿಡಿದು ಹೋಗುತ್ತಿದ್ದರು. ಬ್ರಹ್ಮಸೂತ್ರ, ರೇಸ್ ಬುಕ್ಕು ಎರಡೂ ಅದರೊಳಗೆ ಜಗಳವಿಲ್ಲದೆ ಮಲಗಿರುತ್ತಿದ್ದವು. ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರೆಂಬ ಮಾತು ಮನೆಯಲ್ಲಿ ತಪ್ಪಿದ್ದಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯ ಜೂಜಲ್ಲ, ಕೌಶಲದ ಆಟ ಎಂದಾಗ ಪೇಪರು ಹಿಡಿದು ನೇರ ಅಡುಗೆಮನೆಗೇ ನುಗ್ಗಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಇನ್ಮೇಲೆ ಸೋತಾಗ ಹಣೆಬರಹ ಅನ್ನೋ ಹಾಗಿಲ್ಲ" ಎಂದರು.

ರೇಸ್‌ಕೋರ್ಸಿನ ಭಾಷೆ ನನಗೆ ಮಾವನಿಂದಲೇ ಬಂದದ್ದು. ಒಂದು ಪಂದ್ಯವನ್ನೂ ಗೆಲ್ಲದ ಕುದುರೆ ಮೇಡನ್, ಗಂಡಾದರೂ ಅದೇ ಹೆಸರು. ಎರಡರ ಮೂಗು ಒಟ್ಟಿಗೆ ಗೆರೆ ಮುಟ್ಟಿದರೆ ಡೆಡ್ ಹೀಟ್. ಅವರ ತಲೆ ತಿಂದದ್ದು ಮಾತ್ರ ಹ್ಯಾಂಡಿಕ್ಯಾಪ್. ಈ ಪದ ಹುಟ್ಟಿದ್ದು ಇಂಗ್ಲೆಂಡಿನ ಒಂದು ಹಳೆಯ ಅದಲುಬದಲಿನ ಆಟದಲ್ಲಿ. ಆಡುವವರು ಟೋಪಿಯೊಳಗೆ ಕೈ ಹಾಕುತ್ತಿದ್ದರಂತೆ. ನಮ್ಮ ಕಡೆ ಟೋಪಿಯ ಅರ್ಥವೇ ಬೇರೆ, ಬಿಡಿ.

ಹ್ಯಾಂಡಿಕ್ಯಾಪಿನ ಲೆಕ್ಕ ಇಷ್ಟು: ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ. ಏರಿದ ಒಂದೊಂದು ಪಾಯಿಂಟಿಗೂ ಮುಂದಿನ ಓಟದಲ್ಲಿ ಅರ್ಧ ಕೆಜಿಯಷ್ಟು ಹೆಚ್ಚು ಭಾರ. ಜಾಕಿ ಮತ್ತು ಜೀನು ಸೇರಿದರೂ ತೂಕ ಸಾಲದಿದ್ದರೆ ಜೀನಿನಡಿಯ ಬಟ್ಟೆಯ ಜೇಬಿಗೆ ಸೀಸದ ತುಂಡು ಬೀಳುತ್ತದೆ. ಓಟ ಮುಗಿಸಿ ಏದುಸಿರು ಬಿಡುತ್ತ ಬಂದ ಜಾಕಿ ಆ ಜೀನನ್ನು ತೋಳಲ್ಲಿ ಅವುಚಿಕೊಂಡು ಮತ್ತೆ ತಕ್ಕಡಿ ಹತ್ತಬೇಕು. ಕಡಿಮೆ ತೂಗಿದರೆ ಗೆಲುವೂ ಹೋಯಿತು.

"ರೇಟಿಂಗು ಸಂಚಿತ, ಇವತ್ತು ಬೆನ್ನ ಮೇಲಿರೋದು ಪ್ರಾರಬ್ಧ, ಇವತ್ತು ಗೆದ್ರೆ ಸೇರೋದು ಆಗಾಮಿ" ಎನ್ನುತ್ತಿದ್ದರು ಮಾವ. ಕರ್ಮದ ಜೊತೆ ಹೋಲಿಕೆ ಸೊಗಸಾಗಿದೆ, ಆದರೆ ತಲೆಕೆಳಗು. ಶಾಸ್ತ್ರದಲ್ಲಿ ಪುಣ್ಯ ಮಾಡಿದವನಿಗೆ ಸುಖ. ಇಲ್ಲಿ ಚೆನ್ನಾಗಿ ಓಡಿದ್ದಕ್ಕೆ ಸೀಸ. ಫೇವರಿಟ್ ಕುದುರೆ ಸೋತಾಗಲೆಲ್ಲ ಗ್ಯಾಲರಿಯಲ್ಲಿ "ಜಾಕಿ ಎಳೆದ" ಎಂಬ ಕೂಗು ಏಳುವುದೂ ಇದಕ್ಕೇ: ಇವತ್ತು ಲಗಾಮು ಬಿಗಿಹಿಡಿದು ಸೋತರೆ ನಾಳೆ ಬೆನ್ನು ಹಗುರ.

ಒಬ್ಬ ಸುಖಿ, ಇನ್ನೊಬ್ಬ ದುಃಖಿಯಾದರೆ ಈಶ್ವರ ಪಕ್ಷಪಾತಿಯಲ್ಲವೇ ಎಂಬ ಪ್ರಶ್ನೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿದೆ. ಅಲ್ಲಿ ಶಂಕರರು ಮಳೆಯನ್ನು ತರುತ್ತಾರೆ. ಮಳೆ ಎಲ್ಲಕ್ಕೂ ಒಂದೇ, ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಅದರದರ ಬೀಜದಿಂದ. ಕುದುರೆಗಳ ಭಾರ ಗೊತ್ತುಮಾಡುವ ಹ್ಯಾಂಡಿಕ್ಯಾಪರ್ ಮಳೆಯಲ್ಲ, ಬೀಜ ನೋಡಿ ನೀರು ಬಿಡುವ ಆಸಾಮಿ. ಎಲ್ಲ ಕುದುರೆಗಳ ಮೂಗೂ ಒಟ್ಟಿಗೆ ಗೆರೆ ಮುಟ್ಟಬೇಕೆಂಬುದು ಅವನ ಕನಸು. ನನಗೆ ಮಳೆಯೇ ವಾಸಿ ಅನಿಸುತ್ತಿತ್ತು. ಎಲ್ಲರೂ ಒಟ್ಟಿಗೇ ಮುಟ್ಟುವುದಾದರೆ ಓಡುವುದು ಯಾಕೆ?

ಮಾವ ಒಪ್ಪಲಿಲ್ಲ. "ಭಾರ ಹೊರಿಸೋನು ಶಿಕ್ಷೆ ಕೊಡ್ತಿಲ್ಲ ಕಣೋ. ಇದು ಹೊರುತ್ತೆ ಅಂತ ಗುರುತಿಸಿದಾನೆ. ಟಾಪ್ ವೇಟ್ ಅಂದ್ರೆ ಮರ್ಯಾದೆ."

ಅತ್ತೆ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದವರು ಇನ್ನೂ ಕೂತಿರಲಿಲ್ಲ. ತಲೆ ಎತ್ತದೆ ಕೇಳಿದರು: "ನಂದೆಷ್ಟು ಕೆಜಿ?"

ಮಾವ ರೇಸ್ ಬುಕ್ಕಿನ ಪುಟ ತಿರುಗಿಸಿದರು.