ಹಸಿ ಸೌದೆಯ ಹೊಗೆ

ಅಧ್ಯಾಪಕಿ: ಮೇಲಕ್ಕೆಸೆದ ಚೆಂಡು ಕೈಬಿಟ್ಟು ಏರುತ್ತಿರುವಾಗ ಅದರ ಮೇಲೆ ಯಾವ ಬಲವಿದೆ ಎಂದು ಕೇಳಿದರೆ, ನ್ಯೂಟನ್ನನ ಮೂರೂ ನಿಯಮಗಳನ್ನು ಬಾಯಿಪಾಠ ಒಪ್ಪಿಸಬಲ್ಲ ವಿದ್ಯಾರ್ಥಿಗಳು ಕೂಡ, ಗುರುತ್ವದ ಜೊತೆಗೆ ಕೈ ಕೊಟ್ಟ ಮೇಲ್ಮುಖ ಬಲವೊಂದಿದ್ದು ಅದು ಕ್ರಮೇಣ ಸವೆಯುತ್ತದೆ ಎನ್ನುತ್ತಾರೆ, ಗಾಳಿಯ ತಡೆಯನ್ನು ಬಿಟ್ಟರೆ ಅಲ್ಲಿರುವುದು ಗುರುತ್ವವೊಂದೇ. ಇದು ತರ್ಕಶಕ್ತಿಯ ಕೊರತೆಯಲ್ಲವೇ, ಪಂಡಿತರೇ?

ನೈಯಾಯಿಕ: ತರ್ಕದಲ್ಲಿ ಲೋಪವೇನೂ ಕಾಣದು. ಚಲನೆಯಿದ್ದಲ್ಲೆಲ್ಲ ಅದೇ ದಿಕ್ಕಿನ ಬಲವಿರುತ್ತದೆ, ಚೆಂಡು ಮೇಲಕ್ಕೆ ಚಲಿಸುತ್ತಿದೆ, ಆದ್ದರಿಂದ ಮೇಲ್ಮುಖ ಬಲವಿದೆ ಎಂಬ ಅನುಮಾನ ಕ್ರಮಬದ್ಧವಾಗಿಯೇ ಇದೆ. ಕೆಟ್ಟಿರುವುದು ವ್ಯಾಪ್ತಿ, ಅಂದರೆ ಒಂದಿದ್ದಲ್ಲಿ ಇನ್ನೊಂದು ತಪ್ಪದೆ ಇರುತ್ತದೆ ಎಂಬ ನಂಬಿಕೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂದವನಿಗೆ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುವುದು ನ್ಯಾಯಶಾಸ್ತ್ರದ ಹಳೆಯ ರೂಢಿ. ಹೊಗೆ ಏಳಬೇಕಾದರೆ ಹಸಿ ಸೌದೆಯೂ ಇರಬೇಕು, ಹೀಗೆ ಮರೆಯಲ್ಲಿ ನಿಂತು ಕೆಲಸ ಮಾಡುವ ಷರತ್ತಿಗೆ ಉಪಾಧಿಯೆಂದು ಹೆಸರು. ಎತ್ತು ಎಳೆದರೆ ಮಾತ್ರ ಬಂಡಿ ಸಾಗುವುದನ್ನು ನೋಡುತ್ತಲೇ ಬೆಳೆದ ಕಣ್ಣಿಗೆ ಘರ್ಷಣೆಯೆಂಬ ಉಪಾಧಿ ಬೀಳುವುದೇ ಇಲ್ಲ.

ಅಧ್ಯಾಪಕಿ: ಹಾಗಾದರೆ ತರ್ಕಕ್ಕೂ ಭೌತಶಾಸ್ತ್ರದ ತಿಳಿವಳಿಕೆಗೂ ನಂಟಿಲ್ಲವೆನ್ನಬೇಕಾದೀತು. ಆದರೆ ಆಂಟನ್ ಲಾಸನ್ 1978ರಲ್ಲಿ ರೂಪಿಸಿದ ತರ್ಕಪರೀಕ್ಷೆಯಲ್ಲಿ ಮುಂದಿರುವವರೇ, ಬಲದ ಪರಿಕಲ್ಪನೆಯನ್ನು ಅಳೆಯುವ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿಯಲ್ಲಿ ಪಾಠದ ನಂತರ ಸಾಮಾನ್ಯವಾಗಿ ಹೆಚ್ಚು ಸುಧಾರಿಸುತ್ತಾರೆಂದು ಅಮೆರಿಕದ ಕೊಲೆಟ್ಟಾ ಮತ್ತು ಫಿಲಿಪ್ಸ್ 2005ರಲ್ಲಿ ತೋರಿಸಿದರು. ಲಾಸನ್ನರ ಒಂದು ಪ್ರಶ್ನೆಯಲ್ಲಿ ತೂಕ ಕಟ್ಟಿದ ಮೂರು ದಾರಗಳಿವೆ: ಉದ್ದದಿಂದ ತೂಗಾಟದ ಕಾಲ ಬದಲಾಗುವುದೇ ಎಂದು ತಿಳಿಯಲು, ಉದ್ದ ಬೇರೆಯಾಗಿದ್ದು ತೂಕ ಒಂದೇ ಆಗಿರುವ ಜೋಡಿಯನ್ನು ಆರಿಸಬೇಕು.

ನೈಯಾಯಿಕ: ಅದು ಉಪಾಧಿಯ ಶೋಧವಲ್ಲದೆ ಮತ್ತೇನೂ ಅಲ್ಲ. ಸಿದ್ಧ ವಾಕ್ಯದಿಂದ ನಿರ್ಣಯಕ್ಕೆ ಇಳಿಯುವುದು ಒಂದು ಶಕ್ತಿ, ಆ ವಾಕ್ಯವನ್ನೇ ಶಂಕಿಸಿ ಸೌದೆಯನ್ನು ಮುಟ್ಟಿ ನೋಡುವುದು ಇನ್ನೊಂದು. ನಂಟಿರುವುದು ಎರಡನೆಯದರ ಜೊತೆಗೆ.

ಅಧ್ಯಾಪಕಿ: ಅದಕ್ಕೂ ಒಂದು ತೊಡಕಿದೆ. ಲೇ ಬಾವೋ ಮತ್ತು ಸಂಗಡಿಗರು 2009ರ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಐದು ವರ್ಷ ಭೌತಶಾಸ್ತ್ರ ಕಲಿತ ಚೀನಾದ ವಿದ್ಯಾರ್ಥಿಗಳ ಸರಾಸರಿ ಬಲದ ಪರೀಕ್ಷೆಯಲ್ಲಿ ಶೇ. 86ರಷ್ಟಿದ್ದರೆ ಅಮೆರಿಕದವರದು ಶೇ. 49ರಷ್ಟಿತ್ತು, ಲಾಸನ್ ಪರೀಕ್ಷೆಯಲ್ಲಿ ಮಾತ್ರ ಇಬ್ಬರೂ ಸುಮಾರು 75ರಲ್ಲೇ ನಿಂತರು.

ನೈಯಾಯಿಕ: ಸರಿಯಾದ ವ್ಯಾಪ್ತಿ ಶಬ್ದಪ್ರಮಾಣದಿಂದ, ಅಂದರೆ ಬಲ್ಲವರ ಮಾತಿನಿಂದಲೂ ದೊರೆಯುತ್ತದೆ, ಐದು ವರ್ಷ ಅದನ್ನೇ ತಿದ್ದಿ ತೀಡಿದವನು ಉಪಾಧಿಯನ್ನು ತಾನೇ ಹುಡುಕಬೇಕಾಗಿಲ್ಲ. ಒಂದೆರಡು ಸೆಮಿಸ್ಟರಿನಲ್ಲೇ ಕಲಿಯಬೇಕಾದವನಿಗೆ ಆ ಅನುಕೂಲವಿಲ್ಲ, ಹುಡುಕುವ ಶಕ್ತಿಯೇ ಅವನ ಬಂಡವಾಳ.

ಅಧ್ಯಾಪಕಿ: 86 ಪಡೆದವರಲ್ಲಿ ಯಾರು ಕೇಳಿ ತಿಳಿದವರು, ಯಾರು ಹುಡುಕಿ ತಿಳಿದವರು ಎಂಬುದು ಆ ಅಂಕದಲ್ಲಿ ಕಾಣುವುದೇ?

ನೈಯಾಯಿಕ: ಕಾಣದು. ಚೆಂಡಿನ ಪ್ರಶ್ನೆ ಮುಗಿದ ಮೇಲೆ, ಎತ್ತು ನಿಂತೊಡನೆ ಬಂಡಿಯೂ ಏಕೆ ನಿಲ್ಲುತ್ತದೆ ಎಂದು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ ನೋಡಿ.