ಮುತ್ತೈದಿ ಹುಣ್ಣಿಮೆ ಯಾರಿಗೆ?

ದೇವರಿಗೆ ದುಃಖ ಉಂಟೇ? ಪರಿಪೂರ್ಣವಾದದ್ದಕ್ಕೆ ಕಳೆದುಕೊಳ್ಳಲು ಏನಿದೆ ಎಂದು ಪಂಡಿತರು ಕೇಳಿಯಾರು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಜನ ಆ ವಾದಕ್ಕೆ ಸೊಪ್ಪು ಹಾಕಿದವರಲ್ಲ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಅವರ ದೇವಿ ವಿಧವೆಯಾಗುತ್ತಾಳೆ. ಆಕೆಯ ಗಂಡ ಜಮದಗ್ನಿ ಹತನಾದನೆಂದು ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಮಾಘದ ಭರತ ಹುಣ್ಣಿಮೆಗೆ ಅವನು ಎದ್ದು ಬಂದನೆಂದು ಮತ್ತೆ ತೊಡುತ್ತಾರೆ. ನಮ್ಮ ಕಡೆ ಮೊದಲನೆಯದಕ್ಕೆ ರಂಡಿ ಹುಣ್ಣಿಮೆ, ಎರಡನೆಯದಕ್ಕೆ ಮುತ್ತೈದಿ ಹುಣ್ಣಿಮೆ ಎಂದೇ ಹೆಸರು.

ಸ್ಪೇನ್ ದೇಶದ ಸೆವಿಯಾ ಪಟ್ಟಣದಲ್ಲೂ ಈಸ್ಟರ್‌ಗೆ ಮುಂಚಿನ ವಾರ ಮಗನನ್ನು ಕಳೆದುಕೊಂಡ ಮೇರಿಮಾತೆಯನ್ನು ಹೊತ್ತು ಬೀದಿಯಲ್ಲಿ ಮೆರೆಸುತ್ತಾರೆ. ಮಕಾರೆನಾ ಎಂದು ಕರೆಯುವ ಆ ಮೂರ್ತಿಯ ಕೆನ್ನೆಯ ಮೇಲೆ ಗಾಜಿನ ಕಣ್ಣೀರಿದೆ. 1920ರಲ್ಲಿ ಹೋಸೆಲಿತೊ ಎಂಬ ಗೂಳಿಕಾಳಗದ ವೀರ ಸತ್ತಾಗ ಅವಳಿಗೇ ಕಪ್ಪು ಉಡಿಸಿದ್ದರು. ದೇವರನ್ನು ಬೀದಿಗೆ ಕರೆತಂದ ಮೇಲೆ ಮನುಷ್ಯರ ಅಳು ದೇವರದೂ ಆಗುತ್ತದೆ. ಗುಡ್ಡದ ನಂಬಿಕೆಯೂ ಇದೇ, ನನ್ನ ನಂಬಿಕೆಯೂ ಇದೇ.

ಭರತ ಹುಣ್ಣಿಮೆಗೆ ಚಿಗವ್ವನ ಜೊತೆ ಬೈಲಹೊಂಗಲದಿಂದ ಹೋಗಿದ್ದೆ. ಜೋಗುಳಬಾವಿಯಲ್ಲಿ ಮಿಂದು ಗುಡ್ಡಕ್ಕೆ ಬಂದೆವು. ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು, ಚೌಡಕಿಯ ನಾದ, ‘ಉಧೋ ಉಧೋ’ ಎನ್ನುವ ಕೂಗು, ಮೈತುಂಬ ಭಂಡಾರ. ಸಜ್ಜಿ ರೊಟ್ಟಿ, ಕಡಬು, ಬದನಿಕಾಯಿ ಪಲ್ಯ ಇಟ್ಟು ಪಡ್ಡಲಗಿ ತುಂಬಿಸಿದೆವು. ಆಮೇಲೆ ಬಳೆಗಾರನ ಮುಂದೆ ಕೂತೆ. ಅವನು ನನ್ನ ಅಂಗೈ ಒತ್ತಿ ಮಡಿಚಿ, ಗೆಣ್ಣಿನ ಹತ್ತಿರ ಒಂದು ಕ್ಷಣ ತಡೆದು, ಹಸಿರು ಬಳೆ ಜಾರಿಸಿದ. ‘ನೀವೂ ಬರ್ರಿ, ಅವ್ವಾರ’ ಎಂದ. ಚಿಗವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

‘ಆಕಿ ದೇವರು, ಮತ್ತ ಮುತ್ತೈದಿ ಆಗತಾಳ. ನಮ್ಮವರು ಎದ್ದು ಬರ್ತಾರೇನವ್ವಾ?’

ಬರುವುದಿಲ್ಲ. ಆದರೆ ಬಳೆ ಗಂಡ ತಂದದ್ದಲ್ಲ. ತೊಟ್ಟಿಲಲ್ಲಿದ್ದಾಗಲೇ ತವರಿನವರು ತೊಡಿಸಿದ್ದು. ದೇವಿಯ ದುಃಖ ನಮ್ಮದೆಂದು ಅವಳೊಂದಿಗೆ ಬಳೆ ಒಡೆಯುವುದಾದರೆ, ಆಕೆ ದುಃಖ ಮುಗಿಸಿ ಏಳುವ ದಿನವೂ ನಮ್ಮದೇ ಆಗಬೇಕು. ಸೂತಕದಲ್ಲಿ ಪಾಲು ಕೊಟ್ಟು ಸಂಭ್ರಮದಲ್ಲಿ ಪಾಲು ತಪ್ಪಿಸುವುದು ಭಕ್ತಿಯೇ?

ಪದ್ಧತಿ ಬದಲಾದರೆ ದೇವಿ ಮುನಿದಾಳೆಂಬ ಹೆದರಿಕೆ ಬೇಡ. ಅವಳ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯಾಗಿಸುವುದನ್ನು 1982ರ ಕಾಯ್ದೆ ಅಪರಾಧವೆಂದಿತು. ದೇವಿ ಮುನಿಯಲಿಲ್ಲ, ಜಾತ್ರೆಯೂ ಕುಂದಲಿಲ್ಲ. ವಿಧವೆಯೆಂದರೆ ಅಮಂಗಳ ಎನ್ನುವವರು ಕಿತ್ತೂರಿನ ರಾಣಿ ಚನ್ನಮ್ಮನನ್ನು ನೆನೆಯಲಿ. 1816ರಲ್ಲಿ ಆಕೆಯ ಗಂಡ ಮಲ್ಲಸರ್ಜ ತೀರಿಕೊಂಡ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದವಳು ಆ ವಿಧವೆಯೇ. ಆಕೆಯ ಸಮಾಧಿ ನಮ್ಮ ಬೈಲಹೊಂಗಲದಲ್ಲಿದೆ. ಅಲ್ಲಿ ಹೂ ಏರಿಸಿ ಬಂದ ಕೈ, ಮದುವೆಮನೆಯಲ್ಲಿ ಆರತಿತಟ್ಟೆಯನ್ನು ವಿಧವೆಯಿಂದ ದೂರ ಸರಿಸಿದರೆ ಆ ಹೂವಿಗೆ ಬೆಲೆಯಿಲ್ಲ.

ಮುಂದಿನ ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವವರಲ್ಲಿ ನನ್ನದೊಂದು ವಿನಂತಿ. ಮನೆಯ ವಿಧವೆಯರನ್ನೂ ಬಳೆಗಾರನ ಮುಂದೆ ಕೂಡಿಸಿರಿ. ಬೇಡವೆಂದರೆ ಒತ್ತಾಯ ಬೇಡ; ಆ ‘ಬೇಡ’ ಅವರ ಮನಸ್ಸಿನದಾಗಿರಲಿ, ನಮ್ಮ ಅಂಜಿಕೆಯಿಂದ ಹುಟ್ಟಿದ್ದಾಗದಿರಲಿ.